ಸ್ವಂತ ಮಗಳ ಆರತಕ್ಷತೆಯಲ್ಲಿ ಕೌಂಟರ್ ಹಿಂದೆ ನಿಲ್ಲದಿರಲು ಅನುಮತಿ ಕೋರಿ

ಇಂದ,
ತಮ್ಮ ಬಾರಿನ ಹಿರಿಯ ಸರ್ವರ್
(ಗಿರಾಕಿಗಳ ಬಾಯಲ್ಲಿ 'ಅಳತೆ ಅಣ್ಣ'),
ಉದ್ದ ಕೌಂಟರಿನ ಎಡತುದಿ, ಐಸ್ ಪೆಟ್ಟಿಗೆಯ ಪಕ್ಕ.

ಗೆ,
ಮಾನ್ಯ ಮಾಲೀಕರು,
ಅದೇ ಬಾರು,
ಒಳಗಿನ ಕೋಣೆ, ತಿರುಗುವ ಕುರ್ಚಿ.

ವಿಷಯ: ಅರ್ಜಿದಾರನ ಮಗಳ ಆರತಕ್ಷತೆಗೆ ತಾವು ಪ್ರೀತಿಯಿಂದ ಕೊಡುತ್ತಿರುವ ಪಾನೀಯ ಸೇವೆಯಿಂದ ಅರ್ಜಿದಾರನೊಬ್ಬನನ್ನು ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ:
೧. ಗಲ್ಲಾದ ಪಕ್ಕ ನಿಂತು ತಾವು ಆಡಿದ ಮಾತು: "ನಿನ್ನ ಮಗಳು ಅಂದ್ರೆ ನನ್ನ ಮಗಳೂ ಹೌದು ಕಣಯ್ಯಾ."
೨. ಅದಕ್ಕೆ ಅರ್ಜಿದಾರ ಕೊಟ್ಟ ಉತ್ತರ: "ಆಯ್ತು ಸಾರ್."
೩. ಸದರಿ ಉತ್ತರ ಕೇಳಿದಂದಿನಿಂದ ಅರ್ಜಿದಾರನ ಹೆಂಡತಿಯ ಮೌನ. ಇದು ಇಂದಿಗೂ ಜಾರಿಯಲ್ಲಿದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರನು ತಲೆಗೂದಲು ಕಪ್ಪಗಿದ್ದಾಗ ತಮ್ಮ ತಂದೆಯವರ ಕೈಕೆಳಗೆ ಕೆಲಸಕ್ಕೆ ಸೇರಿ, ಅದು ಬೆಳ್ಳಗಾಗಿ, ಈಗ ಎಣಿಸಿದರೆ ಸಿಗುವಷ್ಟಾಗುವವರೆಗೆ ತಮ್ಮಲ್ಲೇ ಇದ್ದಾನೆ. ಈ ಅವಧಿಯಲ್ಲಿ ಅರ್ಜಿ ಕೊಟ್ಟದ್ದು ಉಂಟು. ಜ್ವರಕ್ಕೆ ಕೊಟ್ಟಿದ್ದಾನೆ, ಮನೆ ಬದಲಾಯಿಸಲಿಕ್ಕೆ ಕೊಟ್ಟಿದ್ದಾನೆ, ಹಲ್ಲು ಕೀಳಿಸಲಿಕ್ಕೆ ಕೊಟ್ಟಿದ್ದಾನೆ. ಆದರೆ ಯಜಮಾನರು ಮಾಡಿದ ಉಪಕಾರದಿಂದ ತಪ್ಪಿಸಿಕೊಳ್ಳಲಿಕ್ಕೆ ಅರ್ಜಿ ಕೊಡುತ್ತಿರುವುದು ಇದೇ ಮೊದಲು. ಅದಕ್ಕೊಂದು ನಮೂನೆ ಇದೆಯೋ ಇಲ್ಲವೋ ತಿಳಿಯದ ಕಾರಣ ಹಲ್ಲಿನ ಅರ್ಜಿಯ ನಮೂನೆಯನ್ನೇ ಮುಂದಿಟ್ಟುಕೊಂಡು ಬರೆಯಲಾಗಿದೆ. 'ನಾನು, ನಾನು' ಎಂದು ಬರೆದರೆ ದೂರು ಹೇಳಿದ ಹಾಗೆ ಕೇಳಿಸುತ್ತದೆ. ಆದ್ದರಿಂದ 'ಅರ್ಜಿದಾರ' ಎಂದೇ ಬರೆದಿದೆ. ಅವನು ದೂರು ಹೇಳುವ ಪೈಕಿಯಲ್ಲ ಎಂಬುದು ತಮಗೆ ಗೊತ್ತು. ತೊಂದರೆ ಬಂದಿರುವುದೂ ಅದರಿಂದಲೇ.

೧. ಉಪಕಾರ ನಡೆದ ಬಗೆ.

ಮಗಳ ಮದುವೆ ಗೊತ್ತಾದ ಸುದ್ದಿ ಹೇಳಿದಾಗ ತಾವು ತಿರುಗುವ ಕುರ್ಚಿಯಿಂದ ಎದ್ದು ಗಲ್ಲಾದವರೆಗೆ ಬಂದು ಅರ್ಜಿದಾರನ ಎರಡೂ ಭುಜ ಹಿಡಿದಿರಿ. ಒದ್ದೆ ಬಟ್ಟೆ ಹಾಕಿಕೊಂಡಿದ್ದ ಭುಜವನ್ನೂ ಬಿಡದೆ ಹಿಡಿದಿರಿ. ಆಮೇಲೆ ಹೀಗೆಂದಿರಿ: "ಏನು ಕೊಡಬೇಕು ಅಂತ ಬಹಳ ದಿನದಿಂದ ಯೋಚನೆ ಮಾಡ್ತಾ ಇದ್ದೆ ಕಣಯ್ಯಾ. ಪಾತ್ರೆ ಕೊಟ್ರೆ ಅಟ್ಟ ಸೇರುತ್ತೆ. ಗಡಿಯಾರ ಕೊಟ್ರೆ ಇನ್ನೊಬ್ಬರ ಮದುವೆಗೆ ಹೋಗುತ್ತೆ. ರಿಸೆಪ್ಷನ್ ದಿನ ಕುಡಿಯೋಕೆ ಏನೇನು ಬೇಕೋ ಅಷ್ಟೂ ನಮ್ಮದು. ಬಾಟಲಿ, ಗ್ಲಾಸು, ಐಸು, ಸೋಡಾ, ಬಡಿಸೋ ಜನ, ಎಲ್ಲ."

ಆಗ ತಾವು ಮುಂದುವರಿದು ಕೇಳಿದಿರಿ: "ಬೀಗರ ಮುಂದೆ ನಿನ್ನ ಮರ್ಯಾದೆ, ನನ್ನ ಮರ್ಯಾದೆ ಎರಡೂ ಇದೆ. ಯಾರ್ಯಾರನ್ನೋ ನಿಲ್ಲಿಸೋಕಾಗಲ್ಲ. ನಮ್ಮಲ್ಲಿರೋದ್ರಲ್ಲಿ ಒಳ್ಳೇ ಕೈ ಯಾವುದು, ನೀನೇ ಹೇಳು."

ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಅರ್ಜಿದಾರನ ಸ್ವಭಾವ. ಅವನು ಪ್ರಾಮಾಣಿಕವಾಗಿ ಯೋಚಿಸಿ, "ನಂದೇ ಸಾರ್," ಎಂದನು.

"ಮತ್ತೆ? ನೀನೇ ನಿಂತ್ಕೋ. ನಿನ್ನ ಮಗಳ ರಿಸೆಪ್ಷನ್ನಲ್ಲಿ ಒಂದು ತೊಟ್ಟು ಆಚೀಚೆ ಆಗಬಾರದು."

"ಆಯ್ತು ಸಾರ್."

ಇದರಲ್ಲಿ ತಮ್ಮ ತಪ್ಪು ಎಳ್ಳಷ್ಟೂ ಇಲ್ಲ. ತಾವು ಸಂತೋಷದಲ್ಲಿದ್ದಿರಿ, ಅರ್ಜಿದಾರನೂ ಸಂತೋಷದಲ್ಲಿದ್ದನು. ಇಬ್ಬರು ಸಂತೋಷದಲ್ಲಿರುವಾಗ ಮಾಡಿದ ಏರ್ಪಾಡಿನಲ್ಲಿ ಏನೋ ಒಂದು ಮರೆತುಹೋಗುವುದು ಲೋಕರೂಢಿ. ಬಾರಿನಿಂದ ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದಾಗ ಚಪ್ಪಲಿ ಅಂಗಡಿಯ ಮುಂದೆ ಅರ್ಜಿದಾರನಿಗೆ ಅದು ನೆನಪಾಯಿತು. ವಧುವಿನ ತಂದೆ ಅವನೇ.

೨. ಪಾನೀಯಗಳ ಆಯ್ಕೆ.

"ಏನೇನು ಬೇಕು ಅಂತ ಮನೇಲಿ ಕೇಳ್ಕೊಂಡು ಬಾ" ಎಂದು ತಾವು ಅಪ್ಪಣೆ ಕೊಡಿಸಿದ ಮೇರೆಗೆ, ಭಾನುವಾರ ಬೆಳಿಗ್ಗೆ ಅರ್ಜಿದಾರನ ಮನೆಯ ಮುಂದಿನ ಕೋಣೆಯಲ್ಲಿ ಎರಡೂ ಕಡೆಯವರ ಸಭೆ ಸೇರಿತು. ಕುರ್ಚಿ ಸಾಲದೆ ಪಕ್ಕದ ಮನೆಯಿಂದ ಎರಡು ತರಿಸಿದ್ದಾಯಿತು. ಹೆಣ್ಣಿನ ಕಡೆಯಿಂದ ಅರ್ಜಿದಾರ, ಹೆಂಡತಿ, ಮಗಳು ಮತ್ತು ಹೆಂಡತಿಯ ತಮ್ಮ, ಅಂದರೆ ಬಾಮೈದ. ಗಂಡಿನ ಕಡೆಯಿಂದ ಗಂಡಿನ ತಂದೆ ಟೈಲರ್ ಬೀಗರು, ಬೀಗಿತ್ತಿ ಮತ್ತು ಗಂಡಿನ ಚಿಕ್ಕಪ್ಪ. ಗಂಡು ಕೆಲಸದ ಮೇಲೆ ಹೋಗಿದ್ದರಿಂದ ಬಂದಿರಲಿಲ್ಲ. ಬಂದಿದ್ದರೂ ಅವನನ್ನು ಯಾರೂ ಕೇಳುತ್ತಿರಲಿಲ್ಲ.

ಬಾಮೈದ ಮೊದಲು ಬಾಯಿ ಬಿಟ್ಟನು. "ಭಾವ, ನಮ್ಮ ಕಡೆ ಅಂತೂ ಯಾರೂ ಮುಟ್ಟೋರಿಲ್ಲ. ಆದ್ರೆ ಬೀಗರ ಕಡೆಯಿಂದ ನಾಲ್ಕು ಜನ ದೊಡ್ಡೋರು ಬರ್ತಾರೆ. ಅವರಿಗೋಸ್ಕರ ವಿಸ್ಕಿ ಇರ್ಲಿ."

"ಛೆ ಛೆ," ಎಂದರು ಚಿಕ್ಕಪ್ಪ. "ನಮ್ಮಲ್ಲಿ ಆ ಅಭ್ಯಾಸವೇ ಇಲ್ಲ. ನಿಮ್ಮ ಕಡೆಯೋರು ಮನಸ್ಸು ಚಿಕ್ಕದು ಮಾಡ್ಕೋಬಾರದು ಅಂತ ಬೇಕಾದ್ರೆ ಇರ್ಲಿ. ಜೊತೆಗೆ ರಮ್ಮೂ ಇರ್ಲಿ, ಅವತ್ತು ಚಳಿ ಇದ್ರೆ."

"ಅವತ್ತು ಎಲ್ಲಿ ಚಳಿ? ಬೇಸಿಗೆ ಅಲ್ವಾ," ಎಂದರು ಬೀಗರು.

"ಇದ್ರೆ ಅಂದೆ ಅಣ್ಣಾ."

ಇಲ್ಲಿ ತಮಗೂ ಅರ್ಜಿದಾರನಿಗೂ ಮಾತ್ರ ಗೊತ್ತಿರುವ ಸಂಗತಿಯೊಂದನ್ನು ನೆನಪಿಸಬೇಕಾಗಿದೆ. ಶನಿವಾರಗಳಂದು ಕಂಬದ ಹಿಂದಿನ ಟೇಬಲ್ಲಿನಲ್ಲಿ ಗೋಡೆಗೆ ಮುಖ ಮಾಡಿ ಕೂರುವವನು ಈ ಬಾಮೈದ. ಬುಧವಾರಗಳಂದು ಫ್ಯಾನಿನ ಕೆಳಗೆ ಕೂತು ಎರಡನೆಯ ಗ್ಲಾಸಿನ ನಂತರ ಹಳೆಯ ಹಾಡು ಗುಣುಗುವವರು ಈ ಚಿಕ್ಕಪ್ಪ. ಒಮ್ಮೆ ವಾರ ತಪ್ಪಿ ಇಬ್ಬರೂ ಒಂದೇ ದಿನ ಬಂದು ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದೂ ಉಂಟು. ಆದರೆ ತಮ್ಮ ತಂದೆಯವರು ಅರ್ಜಿದಾರನನ್ನು ಕೆಲಸಕ್ಕೆ ತೆಗೆದುಕೊಂಡ ದಿನವೇ ಹೇಳಿದ ಕಟ್ಟಳೆ ಒಂದಿದೆ: ಕೌಂಟರಿನಲ್ಲಿ ಕಂಡದ್ದು ಕೌಂಟರಿನಲ್ಲೇ ಇರಬೇಕು, ಹೊರಗೆ ಸಿಕ್ಕಾಗ ಗಿರಾಕಿ ಮೊದಲು ನಕ್ಕರೆ ಮಾತ್ರ ನಗಬೇಕು. ಹೆಣ್ಣು ನೋಡಲು ಬಂದ ದಿನ ಚಿಕ್ಕಪ್ಪ ಅರ್ಜಿದಾರನನ್ನು ಕಂಡು ಒಂದು ಕ್ಷಣ ಬೆಪ್ಪಾಗಿ, "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ," ಎಂದರು. "ಇರಬಹುದು. ನನ್ನದು ಎಲ್ಲಾ ಕಡೆ ಇರೋ ಮುಖ," ಎಂದು ಅರ್ಜಿದಾರ ಹೇಳಿದ್ದನು. ಅಂದಿನಿಂದ ಈ ಸಂಬಂಧಕ್ಕೆ ಚಿಕ್ಕಪ್ಪನಷ್ಟು ಒತ್ತಾಸೆ ಕೊಟ್ಟವರು ಬೇರೆ ಯಾರೂ ಇಲ್ಲ.

ಅಷ್ಟರಲ್ಲಿ ಬೀಗಿತ್ತಿ ಸೆರಗು ಸರಿಮಾಡಿಕೊಂಡು, "ಹೆಂಗಸರಿಗೆ ಜ್ಯೂಸ್ ಸಾಕು ಬಿಡಿ. ನಮ್ಮ ನಾದಿನಿ ಒಬ್ಬಳು ಬರ್ತಾಳೆ, ಅವಳಿಗೊಬ್ಬಳಿಗೆ ಬಿಯರ್ ಆದ್ರೆ ಒಗ್ಗುತ್ತಂತೆ. ಚೆನ್ನಾಗಿ ತಣ್ಣಗಿರಬೇಕಂತೆ. ಜಾಸ್ತಿ ನೊರೆ ಬರಬಾರದಂತೆ. ಗ್ಲಾಸು ಓರೆ ಮಾಡಿ ಸುರಿದ್ರೆ ನೊರೆ ಬರಲ್ವಂತೆ," ಎಂದರು.

"ಯಾವ ನಾದಿನಿ?" ಎಂದರು ಬೀಗರು. "ನನಗೆ ಅಕ್ಕತಂಗಿ ಯಾರೂ ಇಲ್ವಲ್ಲ."

"ದೂರದವಳು."

ಬೀಗರು ಮತ್ತೆ ಕೇಳಲಿಲ್ಲ. ಸಂಸಾರ ಮಾಡಿ ಪಳಗಿದ ಮನುಷ್ಯ.

ಹೀಗೆ ತಮಗಾಗಿ ಯಾರೂ ಏನನ್ನೂ ಕೇಳದೆ, ಎದುರಿನವರಿಗಾಗಿ ಎಲ್ಲರೂ ಎಲ್ಲವನ್ನೂ ಕೇಳಿದ ಕಾರಣ, ಒಂದು ಹನಿಯೂ ಬೇಡವಾದ ಏಳು ಜನ ಸೇರಿ ಬಾರಿನ ಕಪಾಟಿನಷ್ಟು ಸಾಮಾನು ಗೊತ್ತುಮಾಡಿದರು. ಮದುವೆ ಮನೆಯ ಲೆಕ್ಕವೇ ಬೇರೆ ಎಂದು ಅರ್ಜಿದಾರನಿಗೆ ಅನುಭವದಿಂದ ಗೊತ್ತು. 'ನನಗೆ ಬೇಕು' ಎಂದವನು ಒಂದು ಗ್ಲಾಸಿಗೇ ಕುರ್ಚಿ ಹಿಡಿದು ಕೂತುಬಿಡುತ್ತಾನೆ. 'ನಮಗೇನೂ ಬೇಡಪ್ಪ' ಎಂದವರ ತಲೆಗೆ ಎರಡೆರಡು ಇಡಬೇಕು. ಅದರಂತೆ ವಿಸ್ಕಿ, ರಮ್, ಬಿಯರ್, ಸೋಡಾ, ಜ್ಯೂಸ್, ಹುರಿದ ಕಡಲೆಬೀಜ ಇವಿಷ್ಟನ್ನು ತಮಗೆ ಈಗಾಗಲೇ ಬಾಯಿಮಾತಿನಲ್ಲಿ ತಿಳಿಸಲಾಗಿದೆ. ತಾವು ತಲೆದೂಗಿದ್ದೀರಿ.

ಕೌಂಟರ್ ಇಡುವ ಜಾಗದ ಬಗ್ಗೆಯೂ ಚರ್ಚೆ ನಡೆಯಿತು. ಆರತಕ್ಷತೆ ನಡೆಯುವ ಹಾಲ್‌ನ ಪಕ್ಕದ ಸಣ್ಣ ಕೋಣೆಯಲ್ಲಿಟ್ಟು ಬಾಗಿಲಿಗೆ ಪರದೆ ಕಟ್ಟಬೇಕು, ಆಗ ಯಾರು ಹೋದರು ಯಾರು ಬಂದರು ಎಂದು ಗೊತ್ತಾಗುವುದಿಲ್ಲ ಎಂದು ಬಾಮೈದ ಮತ್ತು ಚಿಕ್ಕಪ್ಪ ಒಂದೇ ಬಾಯಿಯಿಂದ ಹೇಳಿದರು. ಬೇರೆ ಯಾವ ವಿಷಯದಲ್ಲೂ ಅವರಿಬ್ಬರಿಗೆ ಒಮ್ಮತ ಇರಲಿಲ್ಲ. "ಪರದೆ ಕಟ್ಟಿದ್ರೆ ಊಟಕ್ಕೆ ಕೂತೋರೆಲ್ಲ ಪರದೆಯನ್ನೇ ನೋಡ್ತಾ ಕೂರ್ತಾರೆ. ಬಯಲಲ್ಲಿ ಇಟ್ರೆ ಯಾರೂ ತಿರುಗಿ ನೋಡಲ್ಲ," ಎಂದು ಅರ್ಜಿದಾರ ಹೇಳಿದ ಮೇಲೆ, ಹಾಲ್‌ನಲ್ಲೇ ವೇದಿಕೆಯ ಎದುರು ಗೋಡೆಗೆ ಇಡುವುದೆಂದು ತೀರ್ಮಾನವಾಯಿತು. ಈ ಸಲಹೆ ಕೊಟ್ಟು ಅವನು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡನು. ಏಕೆಂದರೆ ಮಗಳು ತಲೆಯೆತ್ತಿ, "ಎದುರಿಗೇ ಇಟ್ರೆ ಸುರಿಯೋರು ಚೆನ್ನಾಗಿರೋರು ಬೇಕಲ್ಲ. ಯಾರಪ್ಪ ನಿಂತ್ಕೊಳ್ಳೋದು?" ಎಂದಳು.

೩. ಸದರಿ ಪ್ರಶ್ನೆಗೆ ಬಂದ ಉತ್ತರ ಮತ್ತು ಅದರ ಪರಿಣಾಮ.

ಅರ್ಜಿದಾರ ಚಾವಣಿ ನೋಡಿದನು. ಫ್ಯಾನು ಸುಮ್ಮನೆ ತಿರುಗುತ್ತಿತ್ತು, ಅದರಿಂದ ಯಾವ ಸಹಾಯವೂ ಸಿಗಲಿಲ್ಲ. "ನಮ್ಮ ಸಾಹೇಬರು ನನ್ನನ್ನೇ ನಿಂತ್ಕೋ ಅಂದಿದ್ದಾರೆ," ಎಂದನು.

"ನೀವೇನಂದ್ರಿ?" ಎಂದಳು ಹೆಂಡತಿ.

"ಆಯ್ತು ಸಾರ್ ಅಂದೆ."

ಬೀಗರು ಕಾಫಿ ಲೋಟ ಕೆಳಗಿಟ್ಟರು. ಬಾಮೈದನಿಗೆ ಹೊರಗಡೆ ಏನೋ ಕೆಲಸ ನೆನಪಾಯಿತು. ಬೀಗರ ಕಡೆಯವರು ಹೊರಟು, ಪಕ್ಕದ ಮನೆಯ ಕುರ್ಚಿಗಳೂ ವಾಪಸ್ಸು ಹೋದ ಮೇಲೆ ಹೆಂಡತಿ ಒಂದೇ ಮಾತು ಹೇಳಿದಳು: "ಊರವರ ಮದುವೇಲೆಲ್ಲ ನಿಂತಿದ್ದೀರಿ. ಇದೊಂದರಲ್ಲಿ ಕೂತ್ಕೋಬಹುದಿತ್ತು." ಉಲ್ಲೇಖ ೩ರ ಮೌನ ಅಲ್ಲಿಂದ ಆರಂಭ. ಕಾಫಿ ಬರುತ್ತದೆ, ಊಟ ಬರುತ್ತದೆ, ಮಾತು ಬರುವುದಿಲ್ಲ. ಮಾತು ಬೇಕಾದಾಗ ಅವಳು ಗೋಡೆಯ ಗಡಿಯಾರಕ್ಕೆ ಹೇಳುತ್ತಾಳೆ, ಅರ್ಜಿದಾರ ಅದನ್ನು ಕೇಳಿಸಿಕೊಳ್ಳಬೇಕು.

ಮಗಳು ಬೇರೆ ಥರ. ಅವಳು ಹತ್ತಿರ ಬಂದು ಕೂತಳು. ತಮಗೆ ಗೊತ್ತಿರುವಂತೆ, ನಮ್ಮ ಬಾರಿನಿಂದ ಹೊರಗಿನ ಸಮಾರಂಭಗಳಿಗೆ ಸೇವೆಗೆ ಹೋಗುವಾಗಲೆಲ್ಲ ಅರ್ಜಿದಾರನೇ ಹೋಗುತ್ತಾನೆ. ಎಷ್ಟೋ ಮನೆಗಳ ಮದುವೆ ಆಲ್ಬಮ್ಮಿನಲ್ಲಿ ಅವನ ಬಲಗೈ ಇದೆ. ಟ್ರೇ ಹಿಡಿದದ್ದು ಉಂಟು, ಬಾಟಲಿ ಬಗ್ಗಿಸಿದ್ದು ಉಂಟು, ಅತ್ತೆಯೊಬ್ಬರ ಭುಜದ ಹಿಂದಿನಿಂದ ಬರೀ ಮೊಣಕೈ ಇಣುಕಿದ್ದೂ ಉಂಟು. ಫೋಟೋ ತೆಗೆಯುವವನು ಕಣ್ಣಿಗೆ ಯಂತ್ರ ಇಡುತ್ತಿದ್ದಂತೆ ಒಂದು ಹೆಜ್ಜೆ ಹಿಂದೆ ಸರಿಯುವುದು ಈ ಕೆಲಸದವರ ರೀತಿ. ಸರಿದರೂ ಕೈ ಉಳಿದುಬಿಡುತ್ತದೆ. ಮಗಳು ಚಿಕ್ಕವಳಿದ್ದಾಗ ಯಾರ ಮನೆಯಲ್ಲಿ ಆಲ್ಬಮ್ ಸಿಕ್ಕಿದರೂ ತೊಡೆಯ ಮೇಲಿಟ್ಟುಕೊಂಡು, "ಇದು ನಮ್ಮಪ್ಪನ ಕೈ," ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಸರಿಯಾಗಿಯೇ ತೋರಿಸುತ್ತಿದ್ದಳು, ಹೆಮ್ಮೆಯಿಂದಲೇ ತೋರಿಸುತ್ತಿದ್ದಳು.

ಆ ದಿನ ಅವಳು ಅದೇ ಕೈ ಹಿಡಿದುಕೊಂಡು, "ಅಪ್ಪ, ನನ್ನ ಆಲ್ಬಮ್ಮಲ್ಲೂ ಇದು ಮಾತ್ರ ಇರುತ್ತಾ?" ಎಂದಳು.

ಈ ಅರ್ಜಿ ಬರೆಯಲು ಮುಖ್ಯ ಕಾರಣ ಈ ಪ್ರಶ್ನೆಯೇ. ಉಳಿದವು ಪೂರಕ ಕಾರಣಗಳು.

೪. ಟೈಲರ್ ಬೀಗರ ಅಂಗಡಿಯಲ್ಲಿ ನಡೆದದ್ದು.

ಬಡಿಸುವವರೆಲ್ಲ ಒಂದೇ ಥರ ಕಾಣಬೇಕೆಂದು ತಾವು ಕಪ್ಪು ವೇಸ್ಟ್‌ಕೋಟುಗಳನ್ನು ಹೊಲಿಸಲು ಹೇಳಿ, ಆ ಕೆಲಸವನ್ನು ಬೀಗರಿಗೇ ಕೊಟ್ಟಿರಿ. ಇದರ ಹಿಂದೆಯೂ ತಮ್ಮ ಒಳ್ಳೆಯ ಮನಸ್ಸೇ ಇರುವುದು. ಇತ್ತ ಬೀಗರು, ವಧುವಿನ ತಂದೆಗೆ ತಮ್ಮ ಕಡೆಯಿಂದ ಒಂದು ಕೋಟು ಆಗಲೇಬೇಕೆಂದು, ಬೂದು ಬಣ್ಣದ ಬಟ್ಟೆಯನ್ನು ಮೊದಲೇ ತೆಗೆದಿಟ್ಟಿದ್ದರು. ಆದ ಕಾರಣ ಅರ್ಜಿದಾರನು ಮಂಗಳವಾರ ಮಧ್ಯಾಹ್ನ ಅಂಗಡಿಗೆ ಹೋದಾಗ ಟೇಬಲ್ಲಿನ ಮೇಲೆ ಎರಡು ಬಟ್ಟೆ ಅಕ್ಕಪಕ್ಕ ಇದ್ದವು.

ಮೊದಲು ಕೋಟಿಗೆ ಟೇಪು ಹಿಡಿದರು. "ಉಸಿರು ಬಿಡಿ ಬೀಗರೇ. ಈಗ ಹೊಟ್ಟೆ ಒಳಗೆ ಎಳ್ಕೊಂಡ್ರೆ ಅವತ್ತು ಗುಂಡಿ ನನ್ನ ಮರ್ಯಾದೆ ತೆಗೆಯುತ್ತೆ," ಎಂದು ನಗಾಡಿದರು. ಎದೆ, ಸೊಂಟ, ತೋಳು ಎಲ್ಲ ಆಯಿತು. ಆಮೇಲೆ ಕಪ್ಪು ಬಟ್ಟೆ ಎಳೆದುಕೊಂಡು, "ಇದರಲ್ಲಿ ಒಂದು ನಿಮಗಂತೆ," ಎಂದರು. ನಗು ಅಲ್ಲಿಗೆ ನಿಂತಿತು.

"ಎರಡೂ ಒಂದೇ ದಿನಕ್ಕಾ?"

"ಒಂದೇ ದಿನಕ್ಕೆ."

"ಒಂದೇ ಹೊತ್ತಿಗಾ?"

"ಒಂದೇ ಹೊತ್ತಿಗೆ."

ಬೀಗರು ಸೀಮೆಸುಣ್ಣದ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿದರು. "ಹೊಲಿಯೋಕೆ ನನಗೇನಂತೆ, ಎರಡೂ ಹೊಲಿದು ಕೊಡ್ತೀನಿ. ಆದ್ರೆ ನೀವು ಕೋಟು ಹಾಕ್ಕೊಂಡ್ರೆ ನಾನು ನಿಮ್ಮ ಪಕ್ಕ ನಿಂತ್ಕೋತೀನಿ. ಇದು ಹಾಕ್ಕೊಂಡ್ರೆ ನಿಮ್ಮ ಮುಂದೆ ನಿಂತು ಗ್ಲಾಸ್ ಇಸ್ಕೊಂಡು ಹೋಗಬೇಕಾಗುತ್ತೆ. ನಾವು ಬೀಗತನ ಮಾಡಿದ್ದು ಅದಕ್ಕಲ್ಲವಲ್ಲ."

"ಕೆಲಸದಲ್ಲಿ ನಾಚಿಕೆ ಏನಿದೆ ಬೀಗರೇ," ಎಂದನು ಅರ್ಜಿದಾರ.

"ನಾಚಿಕೆ ಮಾತು ಯಾರು ಆಡಿದ್ರು? ನಾನೂ ಕೈಕೆಲಸದೋನೇ. ಹಾಗಂತ ನನ್ನ ಮಗನ ಮದುವೇಲಿ ಕತ್ತರಿ ಹಿಡ್ಕೊಂಡು ಕೂತ್ಕೋತೀನಾ? ಬಂದೋರ ಪ್ಯಾಂಟೆಲ್ಲ ಗಿಡ್ಡ ಮಾಡ್ಕೊಡ್ತೀನಾ?"

ಒಂದೇ ವಾರದಲ್ಲಿ ಇಬ್ಬರು ಉತ್ತರವಿಲ್ಲದ ಪ್ರಶ್ನೆ ಕೇಳಿದರೆ, ತಪ್ಪಿರುವುದು ಕೇಳಿದವರಲ್ಲಲ್ಲ ಎಂದು ಅರ್ಜಿದಾರ ಅಂದು ಅರ್ಥ ಮಾಡಿಕೊಂಡನು.

೫. ತಮಗೆ ಮುಖತಃ ಏಕೆ ತಿಳಿಸಲಿಲ್ಲ ಎಂಬುದಕ್ಕೆ ಸಮಜಾಯಿಷಿ.

ತಿಳಿಸಲು ಪ್ರಯತ್ನ ನಡೆದಿದೆ. ಮೊದಲ ಸಲ ಕಾಫಿಯ ನೆವದಲ್ಲಿ ಒಳಗಿನ ಕೋಣೆಗೆ ಬಂದನು. ಬಾಯಿ ತೆರೆಯುವ ಮೊದಲೇ ತಾವು ಮೇಜಿನ ಖಾನೆಯಿಂದ ಹೊಳೆಯುವ ಬ್ಯಾಡ್ಜೊಂದನ್ನು ತೆಗೆದು, "ನೋಡಯ್ಯಾ, ಮುಖ್ಯ ಸರ್ವರ್ ಅಂತ ಹಾಕ್ಸಿದ್ದೀನಿ. ಎದೆ ಮೇಲೆ ಮಿಂಚಬೇಕು," ಎಂದಿರಿ. ಅರ್ಜಿದಾರನು "ಆಯ್ತು ಸಾರ್" ಎಂದು ಕಾಫಿ ಇಟ್ಟು ಬಂದನು.

ಎರಡನೆಯ ಸಲ, ಬಾರು ತೆರೆಯುವ ಮುನ್ನ ಗ್ಲಾಸುಗಳನ್ನು ಒರೆಸುತ್ತ, "ಸಾರ್, ರಿಸೆಪ್ಷನ್ ವಿಷಯ..." ಎಂದು ಶುರುಮಾಡಿದನು. ತಾವು ಕೂಡಲೇ, "ಗೊತ್ತು ಗೊತ್ತು. ಏನೋ ಒಂದು ಕಡಿಮೆ ಆಗಿದೆ ಅಂತ ನನಗೂ ಅನ್ನಿಸ್ತಾ ಇತ್ತು. ಐಸಿನಲ್ಲಿ ಒಂದು ಹಂಸ ಮಾಡ್ಸಿ ಮಧ್ಯದಲ್ಲಿ ಇಡೋಣ," ಎಂದಿರಿ. ಹಂಸ ಏಕೆ ಎಂದು ಅರ್ಜಿದಾರ ಕೇಳಿದ್ದಕ್ಕೆ, "ಇರ್ಲಿ, ಚೆಂದ," ಎಂದಿರಿ. ಅದು ಕರಗುವಾಗ ಮೊದಲು ಕತ್ತು ಬೀಳುತ್ತದೆ, ಮದುವೆ ಮನೆಯಲ್ಲಿ ಅದು ನೋಡಲು ಚೆನ್ನಾಗಿರುವುದಿಲ್ಲ ಎಂದು ಹೇಳಬೇಕೆಂದುಕೊಂಡವನು ಅದನ್ನೂ ಹೇಳಲಿಲ್ಲ.

ಮೂರನೆಯ ಸಲ ಗಟ್ಟಿ ಮನಸ್ಸು ಮಾಡಿ, "ಸಾರ್, ಒಂದು ಮಾತು," ಎಂದನು. ತಾವು ಕೈ ಅಡ್ಡ ಹಿಡಿದು, "ನೀನು ಥ್ಯಾಂಕ್ಸ್ ಗೀಂಕ್ಸ್ ಹೇಳಬೇಡ. ನನಗೆ ಅಳು ಬರುತ್ತೆ," ಎಂದಿರಿ. ನಿಜವಾಗಿಯೂ ತಮ್ಮ ಕಣ್ಣು ಒದ್ದೆಯಾಗಿತ್ತು. ಅಂಥ ಹೊತ್ತಿನಲ್ಲಿ 'ನನಗೆ ಈ ಸೇವೆ ಬೇಡ' ಎನ್ನಲು ಕಲ್ಲೆದೆ ಬೇಕು. ಅರ್ಜಿದಾರನದು ಬೀಗರ ಟೇಪಿನ ಪ್ರಕಾರ ಸಾಧಾರಣ ಎದೆ.

ಹೀಗೆ ಪ್ರಯತ್ನ ಮಾಡಿದಷ್ಟೂ ಉಡುಗೊರೆ ಬೆಳೆಯುತ್ತ ಹೋಗುತ್ತಿರುವುದರಿಂದ, ಇನ್ನೊಮ್ಮೆ ಬಾಯಿ ಬಿಟ್ಟರೆ ಬ್ಯಾಂಡ್ ಸೆಟ್ಟೂ ಬರಬಹುದೆಂಬ ಭಯದಿಂದ, ಹಾಗೂ ಅವನ ನಾಲಿಗೆಗೆ 'ಆಯ್ತು ಸಾರ್' ರೂಢಿಯಾಗಿ ಕೈಗೆ ಇನ್ನೂ ಆಗಿಲ್ಲದ ಕಾರಣದಿಂದ, ಬರವಣಿಗೆಯ ಮೂಲಕ ತಿಳಿಸಲಾಗುತ್ತಿದೆ.

೬. ಬದಲಿ ವ್ಯವಸ್ಥೆ.

ಬದಲಿ ಹೇಳದೆ ರಜೆ ಕೇಳುವುದು ಸರಿಯಲ್ಲ. ಆದ್ದರಿಂದ ನಮ್ಮಲ್ಲಿರುವವರನ್ನು ಒಬ್ಬೊಬ್ಬರಾಗಿ ಪರಿಶೀಲಿಸಲಾಯಿತು.

(ಅ) 'ಗಡಿಬಿಡಿ'. ಒಳ್ಳೆಯ ಮನುಷ್ಯ, ಚುರುಕು ಹೆಚ್ಚು. ಗಿರಾಕಿ ಏನು ಬೇಕು ಎಂದು ಹೇಳುವ ಮೊದಲೇ ಸುರಿದಿರುತ್ತಾನೆ. ಅಜ್ಜಿ ಒಬ್ಬರು ಜ್ಯೂಸಿಗೆ ಕೈ ಚಾಚಿ ರಮ್ ಕುಡಿದರೆ, ಅದು ಎರಡು ತಲೆಮಾರು ಮಾತಿಗೆ ವಸ್ತುವಾಗುತ್ತದೆ. ಅಜ್ಜಿ ಮತ್ತೊಂದು ಕೇಳಿದರಂತೂ ಇನ್ನೂ ಕಷ್ಟ.

(ಆ) 'ಡಾಕ್ಟ್ರು'. ಡಾಕ್ಟರಲ್ಲ. ಎರಡನೆಯ ಗ್ಲಾಸು ಕೊಡುವಾಗ ಗಿರಾಕಿಯ ಕಣ್ಣಿನ ಕೆಳಗಿನ ಊತ ನೋಡಿ ಮೂತ್ರಪಿಂಡದ ಬಗ್ಗೆ ಎರಡು ಮಾತು ಹೇಳುವುದರಿಂದ ಆ ಹೆಸರು. ಬಾರಿನಲ್ಲಿ ನಡೆಯುತ್ತದೆ. ಬೀಗರ ಮುಂದೆ ನಡೆಯುವುದಿಲ್ಲ.

(ಇ) ಗಲ್ಲಾದಲ್ಲಿ ಕೂರುವ ತಮ್ಮ ಬಾಮೈದ. ಚೀಟಿ ಇಲ್ಲದೆ ನೀರನ್ನೂ ಕೊಡದ ಶಿಸ್ತಿನವರು. ಆರತಕ್ಷತೆಗೆ ಬಂದವರ ಕೈಯಲ್ಲಿ ಬಿಲ್ ಇಟ್ಟುಬಿಡುತ್ತಾರೆ. ಇದು ಅವರ ಮೇಲಿನ ಆಕ್ಷೇಪಣೆಯಲ್ಲ, ಪ್ರಶಂಸೆ ಎಂದೇ ಭಾವಿಸುವುದು.

(ಈ) ಹೊರಗಿನಿಂದ ಗುರುತುಪರಿಚಯವಿಲ್ಲದವರನ್ನು ಕರೆಸಬಹುದು. ಆದರೆ ವೇದಿಕೆಯ ಎದುರಿಗೇ ಕೌಂಟರ್ ಇರುವುದರಿಂದ, ಅಪರಿಚಿತ ಕೈ ಬಾಟಲಿ ಬಗ್ಗಿಸಿದಾಗಲೆಲ್ಲ ಅರ್ಜಿದಾರನ ಕತ್ತು ಅತ್ತ ತಿರುಗುತ್ತದೆ. ಫೋಟೋಗಳೆಲ್ಲ ಹಾಳಾಗುತ್ತವೆ. ಕೈ ಮಾತ್ರ ಇದ್ದ ಆಲ್ಬಮ್ಮಿನಿಂದ ಕಿವಿ ಮಾತ್ರ ಇರುವ ಆಲ್ಬಮ್ಮಿಗೆ ಬಂದ ಹಾಗಾಗುತ್ತದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಅರ್ಜಿದಾರ ನಂಬಿ ಬೆನ್ನು ತಿರುಗಿಸಬಹುದಾದ ಕೈ ಈ ಬಾರಿನಲ್ಲಿ ಒಂದೇ ಉಳಿಯುತ್ತದೆ. ಅದು ತಮ್ಮದು.

ಇದನ್ನು ಓದಿ ತಾವು ಕುರ್ಚಿಯನ್ನು ಒಂದು ಸುತ್ತು ತಿರುಗಿಸುತ್ತೀರಿ ಎಂದು ಅರ್ಜಿದಾರ ಬಲ್ಲನು. ತಿರುಗಿಸಿದ ಮೇಲೆ ದಯವಿಟ್ಟು ಮುಂದೆ ಓದುವುದು.

ಬಸ್ಸುಗಳು ನಿಂತುಹೋಗಿ ಕೆಲಸದವರು ಯಾರೂ ಬರಲಾಗದೆ ಅರ್ಜಿದಾರನೊಬ್ಬನೇ ನಡೆದು ಬಂದಿದ್ದ ದಿನ, ಬಾರು ತುಂಬಿದಾಗ ತಾವು ತೋಳು ಮಡಿಸಿ ಕೌಂಟರಿಗೆ ಇಳಿದಿರಿ. ತಮ್ಮ ತಂದೆಯವರು ತಮ್ಮಿಂದ ಗ್ಲಾಸು ತೊಳೆಸಿ, ಸುರಿಯುವುದನ್ನು ಕಲಿಸಿಯೇ ಆಮೇಲೆ ಕುರ್ಚಿ ಕೊಟ್ಟವರು. ಆ ಪಾಠ ಕೈಯಲ್ಲಿ ಹಾಗೇ ಇತ್ತು. ಅಂದು ಸಂಜೆಯಿಡೀ ತಾವು ಸುರಿಯುತ್ತ ಗುಣುಗುತ್ತಿದ್ದಿರಿ. ಒಳಗಿನ ಕೋಣೆಯಲ್ಲಿ ತಾವು ಗುಣುಗಿದ್ದನ್ನು ಅರ್ಜಿದಾರ ಈವರೆಗೆ ಕೇಳಿಲ್ಲ.

ಅಲ್ಲದೆ ಕಾನೂನಿನ ದೃಷ್ಟಿಯಿಂದಲೂ ಒಂದು ಅಂಶವಿದೆ. ಉಲ್ಲೇಖ ೧ರ ಪ್ರಕಾರ ವಧು ತಮಗೂ ಮಗಳು. ಅಂದರೆ ಅವಳಿಗೆ ತಂದೆಯರು ಇಬ್ಬರು. ಅಂದು ಒಬ್ಬರು ವೇದಿಕೆಯ ಮೇಲೆ ಇರಬೇಕು, ಒಬ್ಬರು ಕೌಂಟರ್ ಹಿಂದೆ ಇರಬೇಕು. ಕೌಂಟರ್ ಹಿಂದಿನ ಪಾಳಿಯನ್ನು ಈವರೆಗೆ ಅರ್ಜಿದಾರನೇ ಮಾಡಿಕೊಂಡು ಬಂದಿರುವುದರಿಂದ, ಸರದಿಯಂತೆ ಈಗ ಇನ್ನೊಬ್ಬ ತಂದೆಯವರದು.

ಒಂದು ವೇಳೆ ತಾವು ಒಪ್ಪದಿದ್ದಲ್ಲಿ, ಮಗಳ ತೀರ್ಮಾನವನ್ನು ತಮ್ಮ ಗಮನಕ್ಕೆ ತರುವುದು ಅರ್ಜಿದಾರನ ಕರ್ತವ್ಯ. "ಅಪ್ಪ ಎಲ್ಲಿ ನಿಂತ್ಕೋತಾನೋ ನಾನೂ ಅಲ್ಲೇ ನಿಂತ್ಕೋತೀನಿ. ಬಂದೋರು ಅಲ್ಲಿಗೇ ಬಂದು ಹರಸ್ಲಿ," ಎಂದು ಹೇಳಿದ್ದಾಳೆ. ಗಂಡು ಅವಳ ಪಕ್ಕ ನಿಲ್ಲಬೇಕಾಗುತ್ತದೆ. ಅವನ ಪಕ್ಕ ಬೀಗರು, ಬೀಗಿತ್ತಿ. ಅರ್ಜಿದಾರನ ಹೆಂಡತಿ ಕೂಡ ತಾನು ಬರುತ್ತೇನೆಂದು ಗಡಿಯಾರಕ್ಕೆ ತಿಳಿಸಿದ್ದಾಳೆ. ಹಾಗಾದಲ್ಲಿ ಕೌಂಟರ್ ಹಿಂದೆ ಐಸ್ ಪೆಟ್ಟಿಗೆ ಇಡಲು ಜಾಗ ಸಾಲುವುದಿಲ್ಲ.

ಕಾರಣ, ತಾವು ಈ ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ,

ಅರ್ಜಿದಾರನನ್ನು ಅಂದು ಸಂಜೆಯ ಮಟ್ಟಿಗೆ ವಧುವಿನ ತಂದೆಯ ಕೆಲಸಕ್ಕೆ ಬಿಟ್ಟುಕೊಡಬೇಕಾಗಿಯೂ,

ಎಲ್ಲರಿಗೂ ಫೋಟೋ ಆಗುವವರೆಗೆ ತಾವೇ ಕೌಂಟರ್ ನೋಡಿಕೊಳ್ಳಬೇಕಾಗಿಯೂ, ಆ ಬಳಿಕ ತಾವೂ ವೇದಿಕೆಗೆ ಬಂದು ಮಗಳ ಇನ್ನೊಂದು ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕಾಗಿಯೂ (ಕೇವಲ ಕೈಯಲ್ಲ, ಪೂರ್ತಿ),

ಗಂಡಿನ ಚಿಕ್ಕಪ್ಪ ಮತ್ತು ಅರ್ಜಿದಾರನ ಬಾಮೈದ ಕೌಂಟರಿಗೆ ಬಂದಾಗ ತಾವು ಅವರನ್ನು ಮೊದಲ ಸಲ ನೋಡಿದವರಂತೆ ಇರಬೇಕಾಗಿಯೂ,

ದೂರದ ನಾದಿನಿಯ ಬಿಯರನ್ನು ಯಾರ ಮೂಲಕ ಕೇಳಿಬಂದರೂ ಮರುಪ್ರಶ್ನೆ ಮಾಡದೆ ಗ್ಲಾಸು ಓರೆ ಮಾಡಿ ಸುರಿಯಬೇಕಾಗಿಯೂ,

ಹಂಸವನ್ನು ಕೈಬಿಡಬೇಕಾಗಿಯೂ ಕೇಳಿಕೊಳ್ಳಲಾಗಿದೆ.

ಇದಕ್ಕೆ ತಾವು 'ಆಯ್ತು' ಎಂದು ಒಂದು ಮಾತು ಬರೆದು ಕಳಿಸಿದರೆ ಸಾಕು. ಅರ್ಜಿದಾರ ಅದನ್ನು ಮನೆಗೆ ಒಯ್ದು ಗಡಿಯಾರದ ಕೆಳಗೆ ಅಂಟಿಸುತ್ತಾನೆ.

ತಮ್ಮ ವಿಶ್ವಾಸಿ, ಮರುದಿನ ಮಧ್ಯಾಹ್ನದಿಂದ ಎಂದಿನಂತೆ ತಮ್ಮ ಸೇವೆಯಲ್ಲಿರುವ,

(ಸಹಿ)
ವಧುವಿನ ತಂದೆ

ಲಗತ್ತುಗಳು:
೧. ಕಪ್ಪು ವೇಸ್ಟ್‌ಕೋಟು, ಒಂದು. ಇನ್ನೂ ಯಾರೂ ತೊಟ್ಟಿಲ್ಲ. ತಮ್ಮ ಮೈಗೆ ಬೇಕಾದಷ್ಟು ಬಿಡಿಸಿಕೊಳ್ಳಲು ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿರುವುದಾಗಿ ಬೀಗರು ತಿಳಿಸಿದ್ದಾರೆ. ಇದನ್ನು ಅವರು ತಾವಾಗಿಯೇ ಮಾಡಿದ್ದಾರೆ, ಅರ್ಜಿದಾರ ಹೇಳಿದ್ದಲ್ಲ.
೨. 'ಮುಖ್ಯ ಸರ್ವರ್' ಬ್ಯಾಡ್ಜು, ಒಂದು. ಪಿನ್ನು ಸ್ವಲ್ಪ ಚುಚ್ಚುತ್ತದೆ, ಎಚ್ಚರಿಕೆ.
೩. ಲಗ್ನಪತ್ರಿಕೆ, ಒಂದು. ತಮ್ಮನ್ನು ಕುಟುಂಬಸಮೇತ ಆಹ್ವಾನಿಸಿದೆ.

ಕೊನೆಯ ಕೋರಿಕೆ: ಅಂದು ಯಾವಾಗಲಾದರೂ ಒಮ್ಮೆ ಅರ್ಜಿದಾರನು ಬೂದು ಕೋಟು ಹಾಕಿಕೊಂಡು, ಬೀಗರ ಜೊತೆಯಲ್ಲಿ, ಗಿರಾಕಿಗಳು ನಿಲ್ಲುವ ಕಡೆಯಿಂದ ಕೌಂಟರಿಗೆ ಬರುತ್ತಾನೆ. ಅವನು ಕುಡಿಯುವುದು ನಿಂಬೆ ಸೋಡಾ ಮಾತ್ರ ಎಂದು ತಮಗೆ ಗೊತ್ತು. ಗೊತ್ತಿದೆ ಎಂದು ಮೊದಲೇ ಸುರಿದು ಇಡಬಾರದು. "ಏನು ಕೊಡ್ಲಿ ಸಾರ್?" ಎಂದು ಕೇಳಬೇಕು. ಅರ್ಜಿದಾರ ಬಾಟಲಿಗಳನ್ನೆಲ್ಲ ಒಮ್ಮೆ ನೋಡಿ, ಸ್ವಲ್ಪ ಯೋಚನೆ ಮಾಡಿ ಹೇಳುತ್ತಾನೆ. ಅಲ್ಲಿಯವರೆಗೆ ತಾವು ಕಾಯಬೇಕಾಗಿ ವಿನಂತಿ.